ಹತ್ತು ಕಂಬ ಕಡಿಮೆಯ ಚಪ್ಪರ

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದರೆ ಆನಂದಪುರದ ಶಾಮಿಯಾನದವನಿಗೆ ಏನಾಗಬೇಕು ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೆಯೇ ಕೇಳುತ್ತಿದ್ದೆ. ಸಮುದ್ರ ಇರುವುದು ಘಟ್ಟದ ಕೆಳಗೆ, ನಾವಿರುವುದು ಮೇಲೆ. ಅಲ್ಲಿ ಎಚ್ಚರಿಕೆ ಕೊಟ್ಟರೆ ದೋಣಿಯವರು ದೋಣಿ ಎಳೆದಿಡುತ್ತಾರೆ. ನಮ್ಮಲ್ಲಿ ಎರಡು ದಿನ ಮೋಡ ಕವಿಯುತ್ತದೆ, ಕರೆಂಟು ಹೋಗುತ್ತದೆ, ಬರುತ್ತದೆ. ಅಷ್ಟೇ ಎಂದು ತಿಳಿದಿದ್ದೆ. ಆದರೆ ಗಾಳಿಗೆ ಘಟ್ಟ ಹತ್ತಲು ಬಸ್ಸು ಬೇಕಾಗಿಲ್ಲ. ಸಮುದ್ರ ಕೆರಳುವ ಮೇ ತಿಂಗಳ ಕೊನೆಯಲ್ಲೇ ನಮ್ಮ ಕಡೆ ಮದುವೆಯ ಕೊನೆಯ ಮುಹೂರ್ತಗಳೂ ಬೀಳುತ್ತವೆ. ಎರಡೂ ಒಂದೇ ದಿನ ಬಂದಾಗ ನಾನು ಏನು ಮಾಡಿದೆ ಎಂಬುದನ್ನು ಹೇಳಿಕೊಂಡು ಹಗುರಾಗಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಓದುವಾಗ ನಗು ಬಂದರೆ ನಗಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಈಗಲೂ ನಗುತ್ತಾಳೆ.

ಆ ದಿನಕ್ಕೆ ನಾನು ಮೂರು ಮದುವೆ ಒಪ್ಪಿಕೊಂಡಿದ್ದೆ. ಒಂದು ಸಾಗರದಲ್ಲಿ, ಒಂದು ಕೆಳದಿಯಲ್ಲಿ, ಮೂರನೆಯದು ಕೋಣಂದೂರಿನ ಹತ್ತಿರ. ಎರಡಕ್ಕೆ ಸಾಕಾಗುವಷ್ಟು ಸಾಮಾನು ಮಾತ್ರ ನನ್ನಲ್ಲಿತ್ತು. ಮೂರನೆಯದು ಬೇಡವೆಂದು ಹೆಂಡತಿ ಹೇಳಿದಳು. ಕೋಣಂದೂರಿನ ಕಡೆ ಹೊಸ ಗಿರಾಕಿ, ಒಮ್ಮೆ ಕಾಲಿಟ್ಟರೆ ಆ ಸೀಮೆಯಲ್ಲಿ ಹೆಸರಾಗುತ್ತದೆ ಎಂದು ನಾನು ಅಂದೆ. ಹೆಸರಂತೂ ಆಯಿತು.

ಅದು ಹಿಂದೆ ಗೇಣಿ ಒಕ್ಕಲಾಗಿದ್ದವರ ಮನೆ. ಈಗ ಸ್ವಂತ ಗದ್ದೆ, ಮನೆಮುಂದೆ ಟ್ರ್ಯಾಕ್ಟರು, ಅಂಗಳಕ್ಕೆ ಹೊಸದಾಗಿ ಹಾಕಿಸಿದ ಇಂಟರ್‌ಲಾಕ್ ಕಲ್ಲು. ಮದುಮಗಳ ತಂದೆ ಮಾತು ಕಡಿಮೆಯ ಮನುಷ್ಯ. ತಾಯಿ ಅಂಗನವಾಡಿ ಟೀಚರು, ನಮ್ಮನ್ನೂ ಮಕ್ಕಳ ಹಾಗೆಯೇ ಸಾಲಾಗಿ ನಿಲ್ಲಿಸಿ ಕೆಲಸ ಹೇಳುವವರು. ಮದುವೆ ಕಲ್ಯಾಣಮಂಟಪದಲ್ಲಿ ಬೇಡ, ಮನೆಯಲ್ಲೇ ಆಗಬೇಕು ಎಂದು ಹಟ ಹಿಡಿದವರು ಅಜ್ಜಿ, ಮದುಮಗಳ ತಂದೆಯ ತಾಯಿ. ಅಜ್ಜಿಯ ಮದುವೆ ಆದದ್ದು ಒಡೆಯರ ಮನೆಯ ಅಂಗಳದ ಒಂದು ಮೂಲೆಯಲ್ಲಂತೆ. ಅಜ್ಜಿಯ ಹೆಣ್ಣುಮಕ್ಕಳ ಧಾರೆ ದೇವಸ್ಥಾನದಲ್ಲಿ. ಆ ಮನೆಗೆ ಸ್ವಂತ ಅಂಗಳ ಎಂದಾದ ಮೇಲೆ ಅದರಲ್ಲಿ ಧಾರೆ ಎರೆಯಿಸಿಕೊಳ್ಳುವ ಮೊದಲ ಹೆಣ್ಣು ಈ ಮೊಮ್ಮಗಳು. ಅದನ್ನು ಕಣ್ಣಾರೆ ನೋಡಬೇಕೆಂದು ಮುದುಕಿ ಪ್ರಾಣ ಹಿಡಿದುಕೊಂಡಿದ್ದಾರೆ ಎಂದು ಟೀಚರಮ್ಮ ನನಗೆ ಮೊದಲ ದಿನವೇ ಹೇಳಿದರು. ಅಜ್ಜಿ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪ್ರಾಣ ಹಿಡಿದುಕೊಂಡವರ ಹಾಗೆ ಕಾಣಲಿಲ್ಲ. ಒಳ್ಳೆ ಗಟ್ಟಿ ಇದ್ದರು.

ಮದುವೆಗೆ ಎರಡು ದಿನ ಇರುವಾಗ ನಾನು ಮತ್ತು ನನ್ನ ಮೇಸ್ತ್ರಿ ಆಳುಗಳೊಡನೆ ಹೋಗಿ ಕೆಲಸ ಶುರುಮಾಡಿದೆವು. ಮೇಸ್ತ್ರಿ ಹೊಸನಗರ ಕಡೆಯವನು, ಐವತ್ತರ ಮನುಷ್ಯ. ಕಂಬದ ಮೇಲಿದ್ದರೆ ಖುಷಿ, ನೆಲದ ಮೇಲಿದ್ದರೆ ವಾದ.

ಚಪ್ಪರ ನಲವತ್ತು ಅಡಿ ಅಗಲ, ಅರವತ್ತು ಅಡಿ ಉದ್ದ. ಕಬ್ಬಿಣದ ಪೈಪಿನ ಕಂಬ, ಮೇಲೆ ಅಡ್ಡ ಪೈಪು, ಅದರ ಮೇಲೆ ತಗಡು. ಮಳೆ ಹತ್ತಿರ ಬಂದಾಗ ಬಟ್ಟೆಯ ಮೇಲ್ಛಾವಣಿ ಯಾರೂ ಒಪ್ಪುವುದಿಲ್ಲ. ತಗಡೇ ಬೇಕು. ಹತ್ತು ಅಡಿಗೊಂದು ಕಂಬ ಎಂಬುದು ಈ ಕೆಲಸದಲ್ಲಿ ಎಲ್ಲರೂ ಪಾಲಿಸುವ ಲೆಕ್ಕ. ಹಾಗೆ ಹಾಕಿದರೆ ಈ ಅಂಗಳಕ್ಕೆ ಮೂವತ್ತೈದು ಕಂಬ ಬೇಕು. ನನ್ನ ಲಾರಿಯಲ್ಲಿ ಇದ್ದದ್ದು ಇಪ್ಪತ್ತೈದು. ಉಳಿದ ಹತ್ತು ಕೆಳದಿಯ ಮದುವೆಯಲ್ಲಿ ನಿಂತಿದ್ದವು. ಉದ್ದಕ್ಕೆ ಹದಿನೈದು ಅಡಿಗೊಂದು ಕಂಬ ನಿಲ್ಲಿಸು ಎಂದು ಮೇಸ್ತ್ರಿಗೆ ಹೇಳಿದೆ.

ಅವನು ಟೇಪು ಹಿಡಿದುಕೊಂಡು ನನ್ನನ್ನೇ ನೋಡಿದ. ಗುಂಡಿ ತೆಗೆದು ನೆಡುವುದಾದರೆ ಹೇಗೋ ನಡೆಯುತ್ತದೆ, ಇಲ್ಲಿ ಹೇಗೆ ಎಂದು ಕೇಳಿದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಹೊಸ ಇಂಟರ್‌ಲಾಕ್ ಕೀಳಬಾರದೆಂದು ಟೀಚರಮ್ಮ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ನಮ್ಮ ಕಂಬಗಳೆಲ್ಲ ಕಾಂಕ್ರೀಟು ತುಂಬಿದ ಪೇಂಟಿನ ಬಕೆಟ್ಟಿನಲ್ಲಿ ನಿಂತವು. ಈಗ ಎಲ್ಲ ಕಡೆ ಹೀಗೆಯೇ. ಇಡೀ ಚಪ್ಪರದಲ್ಲಿ ನಿಜವಾಗಿ ನೆಲಕ್ಕೆ ಇಳಿದದ್ದು ಒಂದೇ ಕಂಬ, ಶಾಸ್ತ್ರದ ಹಾಲುಗಂಬ. ಅದಕ್ಕೆ ಮಾತ್ರ ನಾಲ್ಕು ಕಲ್ಲು ಕಿತ್ತು, ಗುಂಡಿ ತೋಡಿ, ಹಾಲು ಬರುವ ಮರದ ಕೊಂಬೆ ನೆಟ್ಟು, ಅರಿಶಿನ ಕುಂಕುಮ ಹಚ್ಚಿ ಮಾವಿನ ಸೊಪ್ಪು ಕಟ್ಟಿದ್ದರು. ಮದುವೆ ಮುಗಿಯುವವರೆಗೆ ಅದನ್ನು ಯಾರೂ ಅಲುಗಿಸುವಂತಿಲ್ಲ.

"ಯಜಮಾನ್ರೆ, ನಿಮ್ಮ ಇಪ್ಪತ್ತೈದಕ್ಕಿಂತ ಆ ಒಂದು ಕೊಂಬೆನೇ ಗಟ್ಟಿ ಅದೆ" ಎಂದ ಮೇಸ್ತ್ರಿ. ನಾನು ಅವನಿಗೆ ಸುಮ್ಮನೆ ಮೇಲೆ ಹತ್ತು ಎಂದೆ. ಅವನು ಹತ್ತಿದ.

ಕಂಬದ ನಡುವಿನ ಅಂತರ ಕಾಣದಂತೆ ಮಾಡುವುದು ನನಗೆ ಗೊತ್ತು. ಜರಿಯ ಝಾಲರು ಕಟ್ಟಿದೆ, ನಡುನಡುವೆ ಪ್ಲಾಸ್ಟಿಕ್ ಹೂವಿನ ತೋರಣ ಇಳಿಬಿಟ್ಟೆ, ಮೂರು ಬದಿಗೆ ಗುಲಾಬಿ ಬಣ್ಣದ ಬಟ್ಟೆಯ ಗೋಡೆ ಎಳೆದೆ. ಸಂಜೆ ಟೀಚರಮ್ಮ ಬಂದು ನೋಡಿ, ಅರಮನೆ ಆಯಿತಲ್ಲ ಎಂದು ಹಿಗ್ಗಿದರು. ಹಗ್ಗಗಳನ್ನು ನಾಲ್ಕು ಮೂಲೆಯಿಂದ ಎಳೆದು ಗೇಟಿನ ಕಂಬಕ್ಕೆ, ಎರಡು ತೆಂಗಿನ ಮರಕ್ಕೆ ಕಟ್ಟಿದೆವು. ನಾಲ್ಕನೆಯದಕ್ಕೆ ಏನೂ ಸಿಗಲಿಲ್ಲ. ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಕಟ್ಟಿದೆ.

ಅದೇ ಹೊತ್ತಿಗೆ ಅಂಗಳದಲ್ಲಿದ್ದ ಎಲ್ಲರ ಫೋನುಗಳೂ ಒಟ್ಟಿಗೆ ಸೈರನ್ನಿನ ಹಾಗೆ ಕೂಗಿದವು. ಕರಾವಳಿಗೆ ಚಂಡಮಾರುತದ ಎಚ್ಚರಿಕೆ, ಪಕ್ಕದ ಜಿಲ್ಲೆಗಳಲ್ಲೂ ಬಿರುಗಾಳಿ ಸಾಧ್ಯತೆ ಎಂದು ಸಂದೇಶ ಬಂದಿತ್ತು. ಟೀಚರಮ್ಮ ನನ್ನ ಮುಖ ನೋಡಿದರು. ಮದುಮಗನ ಮನೆ ಕುಂದಾಪುರದ ಕಡೆ, ಕಡಲ ಪಕ್ಕ. ದಿಬ್ಬಣ ಬರುವ ದಾರಿಯ ಯೋಚನೆ ಟೀಚರಮ್ಮನಿಗೆ. ಚಪ್ಪರ ತಡೆಯುತ್ತದಲ್ಲವೇ ಎಂದು ಕೇಳಿದರು.

"ಇದು ಸಮುದ್ರದವರಿಗೆ ಕಳಿಸಿದ್ದು ಟೀಚರಮ್ಮ, ದಾರಿ ತಪ್ಪಿ ನಮಗೆ ಬಂದಿದೆ. ನಮ್ಮ ಚಪ್ಪರ ಆನೆ ಬಂದು ಒರಗಿದ್ರೂ ಬೀಳೋದಲ್ಲ" ಎಂದೆ.

ಮೇಲೆ ಕೂತು ತಂತಿ ಬಿಗಿಯುತ್ತಿದ್ದ ಮೇಸ್ತ್ರಿ ಕೆಮ್ಮಿದ.

ಮರುದಿನ, ಅಂದರೆ ಮದುವೆಯ ಹಿಂದಿನ ದಿನ, ಬೆಳಿಗ್ಗೆಯಿಂದಲೇ ಗಾಳಿ. ಜೋರಾಗಿ ಅಲ್ಲ. ಬಂದು ಬಂದು ಹೋಗುವ ಗಾಳಿ. ಪಡುವಣದಿಂದ ಒಮ್ಮೆ ನೂಕುತ್ತದೆ, ನಿಲ್ಲುತ್ತದೆ, ಎಲ್ಲ ಸ್ತಬ್ಧವಾಗುತ್ತದೆ, ಮತ್ತೆ ನೂಕುತ್ತದೆ. ಒಂದೇ ಸಮ ಬೀಸುವ ಗಾಳಿಯನ್ನು ಚಪ್ಪರ ತಡೆದುಕೊಳ್ಳುತ್ತದೆ. ಹೀಗೆ ಉಸಿರು ಎಳೆದು ಬಿಡುವ ಗಾಳಿ ಅದನ್ನು ಸಡಿಲ ಮಾಡುತ್ತದೆ. ಬಟ್ಟೆಯ ಗೋಡೆಗಳು ಹಾಯಿಯ ಹಾಗೆ ಉಬ್ಬಿದವು. ಮೊದಲು ಅವನ್ನು ಇಳಿಸಿದೆವು. ಅರಮನೆಯ ಮೂರು ಗೋಡೆ ಹೋದವು. ಸೆಕೆಗೆ ಗಾಳಿಯಾಡಲಿ ಎಂದು ಟೀಚರಮ್ಮನಿಗೆ ಸುಳ್ಳು ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ನಾವು ಊಟಕ್ಕೆ ಕೂತಿದ್ದಾಗ ಚಪ್ಪರ ಕಿರ್ರೆಂದು ನರಳಿ ಒಂದು ಕಡೆ ವಾಲಿತು. ಓಡಿ ಬಂದು ನೋಡಿದರೆ ನಾಲ್ಕನೆಯ ಹಗ್ಗ ಗೇಟಿನ ಆಚೆ ಹೋಗುತ್ತಿದೆ. ಮದುಮಗಳ ತಂದೆ ಕೋಣಂದೂರಿನಿಂದ ಗ್ಯಾಸ್ ಸಿಲಿಂಡರ್ ತರಲು ಟ್ರ್ಯಾಕ್ಟರ್ ಸ್ಟಾರ್ಟು ಮಾಡಿ ಹೊರಟಿದ್ದರು. ಮೇಸ್ತ್ರಿ ಎಲೆಯಿಂದ ಎದ್ದು, ಸಾರು ಸುರಿಯುವ ಕೈಯಲ್ಲೇ ಹಿಂದೆ ಓಡಿ ಟ್ರ್ಯಾಕ್ಟರ್ ನಿಲ್ಲಿಸಿದ. ಆ ಮನುಷ್ಯ ಹಗ್ಗ ನೋಡಿ, ಚಪ್ಪರ ನೋಡಿ, "ಎಂತ ಮಾರ್ರೆ, ಇದನ್ನೂ ಕೋಣಂದೂರಿಗೆ ಒಯ್ಬೇಕಿತ್ತಾ?" ಎಂದು ಕೇಳಿದರು. ಆ ಮದುವೆಯಲ್ಲಿ ನಾನು ಕೇಳಿದ ಅವರ ಅತಿ ಉದ್ದದ ಮಾತು ಅದು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ನಗುವಿನಲ್ಲಿ ಸುಖವಿರಲಿಲ್ಲ.

ಸಂಜೆಯವರೆಗೆ ಕಂಬಕ್ಕೆ ಕಂಬ ಸೇರಿಸಿ ಓರೆಯಾಗಿ ಬಿದಿರು ಕಟ್ಟಿದೆವು. ರಸ್ತೆಯ ಆಚೆಗೆ ಒಂದು ಅಕ್ಕಿ ಗಿರಣಿ ಇದೆ. ಅದರ ಮಾಲೀಕರು ಬಕೆಟ್ಟುಗಳ ಮೇಲೆ ಭಾರ ಇಡಲು ತೌಡಿನ ಮೂಟೆಗಳನ್ನು ಕೊಟ್ಟರು. ನೆರೆಮನೆಯ ಎಮ್ಮೆ ಅದನ್ನು ಕಂಡುಹಿಡಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಎಮ್ಮೆ ಅಟ್ಟಲು ಒಬ್ಬನನ್ನು ಬೇರೆ ಇಟ್ಟೆವು. ಆನಂದಪುರಕ್ಕೆ ಫೋನು ಮಾಡಿ ಕೆಳದಿಯಿಂದ ಐದು ಕಂಬವಾದರೂ ಕಿತ್ತು ಕಳಿಸಲು ಸಾಧ್ಯವೇ ಎಂದು ಹೆಂಡತಿಯನ್ನು ಕೇಳಿದೆ. ಅಲ್ಲಿಯೂ ಗಾಳಿ ಇದೆ, ಅಲ್ಲಿಯೂ ಒಂದು ಹೆಣ್ಣಿನ ಮದುವೆಯೇ ಇದೆ ಎಂದಳು. ಆಮೇಲೆ, "ನೀವು ಅವ್ರಿಗೆ ಹೇಳಿದ್ರಾ?" ಎಂದು ಕೇಳಿದಳು. ನಾನು ಸಿಗ್ನಲ್ ಇಲ್ಲದವನ ಹಾಗೆ ಹಲೋ ಹಲೋ ಅಂದೆ.

ಮದುವೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಪಾತ್ರೆಯ ಹಾಗೆ ಬೂದಿಬಣ್ಣವಾಗಿತ್ತು. ಮಳೆಯಿಲ್ಲ. ಗಾಳಿಯೂ ನಿಂತಿತ್ತು. ಅಂಗಳದಲ್ಲಿ ಹೆಂಗಸರು ಹೂ ಕಟ್ಟುತ್ತಿದ್ದರು. ನೆಂಟರ ಪುಟ್ಟ ಮಕ್ಕಳು ಕುರ್ಚಿಗಳನ್ನು ಸಾಲಾಗಿ ಜೋಡಿಸಿ ಬಸ್ಸಿನಾಟ ಆಡುತ್ತಿದ್ದರು. ಪಡುವಣ ಮೂಲೆಯ ಕಂಬವೇ ಅವರ ಡ್ರೈವರ್ ಸೀಟಿನ ಪಕ್ಕದ ಕಂಬ. ನಾನು ಕಾಫಿ ಲೋಟ ಹಿಡಿದು ಅದರ ಎದುರು ನಿಂತಿದ್ದೆ. ಗದ್ದೆಯ ಆಚೆ ಕಾಡಿನಲ್ಲಿ ಹೋ ಎಂದು ಸದ್ದಾಯಿತು. ಮೊದಲು ಮರಗಳ ತಲೆ ಬಾಗಿದವು, ಆಮೇಲೆ ಗದ್ದೆಯ ಹುಲ್ಲು ಮಲಗಿತು, ಆಮೇಲೆ ಗಾಳಿ ತಗಡಿನ ಅಡಿಗೆ ಹೊಕ್ಕಿತು. ಇಡೀ ಛಾವಣಿ ಮೇಲಕ್ಕೆ ಉಸಿರೆಳೆದುಕೊಂಡಿತು. ಮಕ್ಕಳ ಪಕ್ಕದ ಆ ಕಂಬ, ಅದರ ಕಾಂಕ್ರೀಟು ತುಂಬಿದ ಬಕೆಟ್ಟು, ಅದಕ್ಕೆ ಕಟ್ಟಿದ ತೌಡಿನ ಮೂಟೆ, ಎಲ್ಲ ಸೇರಿ ನೆಲದಿಂದ ಒಂದು ಗೇಣು ಮೇಲೆದ್ದವು. ಒಂದು ಕ್ಷಣ ಹಾಗೆಯೇ ತೂಗಿದವು. ಆಮೇಲೆ ಮೆತ್ತಗೆ, ಯಾರೋ ಕೈಯಲ್ಲಿ ಹಿಡಿದು ಇಟ್ಟ ಹಾಗೆ, ಅದೇ ಜಾಗದಲ್ಲಿ ಕೂತವು.

ಯಾರೂ ನೋಡಲಿಲ್ಲ. ಡ್ರೈವರ್ ಆಗಿದ್ದ ಹುಡುಗಿ ಹಾರ್ನು ಹೊಡೆಯುತ್ತಲೇ ಇದ್ದಳು. ನಾನು ನೋಡಿದೆ. ಮೇಲಿದ್ದ ಮೇಸ್ತ್ರಿ ನೋಡಿದ. ನಾನು ಲೋಟ ಕೆಳಗಿಟ್ಟು, ಮಕ್ಕಳನ್ನು ಬಸ್ಸು ಪಂಕ್ಚರ್ ಆಗಿದೆ ಎಂದು ಹೇಳಿ ಜಗಲಿಗೆ ಕಳಿಸಿದೆ. ನಂತರ ತಲೆಯೆತ್ತಿ, ಬಿಚ್ಚೋಣ ಎಂದೆ. ಅವನು ಜೇಬಿನಿಂದ ಕಟ್ಟಿಂಗ್ ಪ್ಲೇಯರ್ ತೆಗೆದ.

ಟೀಚರಮ್ಮನಿಗೆ ಹೇಳುವುದು ನನ್ನ ಕೆಲಸ. ಅವರು ಮದುಮಗಳ ಜಡೆಗೆ ಹೂ ಮುಡಿಸುತ್ತಿದ್ದರು. ಗಾಳಿ ಅಂದುಕೊಂಡದ್ದಕ್ಕಿಂತ ಜೋರಾಗಿದೆ, ತಗಡು ಪೂರ್ತಿ ಇಳಿಸಬೇಕು ಎಂದೆ. ಅಲ್ಲಿಯೂ ಗಾಳಿಯ ಮೇಲೆ ಹಾಕಿದೆನೇ ಹೊರತು ಕಂಬದ ಮಾತು ಎತ್ತಲಿಲ್ಲ. ಅವರ ಮುಖ ಕೆಂಪಾಯಿತು. ಆನೆ ಬಂದು ಒರಗಿದರೂ ಬೀಳುವುದಿಲ್ಲ ಎಂದದ್ದು ಯಾರು ಎಂದು ಕೇಳಿದರು. ದಿಬ್ಬಣ ದಾರಿಯಲ್ಲಿದೆ, ಐನೂರು ಜನ ಎಲ್ಲಿ ಕೂರಬೇಕು, ಎಲ್ಲಿ ಉಣ್ಣಬೇಕು ಎಂದರು. ಮದುಮಗಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

"ನಂಗೆ ಹೇಳೋದು ಸುಲಭ. ಹೊರಗೆ ಕೂತಿದಾರಲ್ಲ, ಅವ್ರಿಗೆ ನೀವೇ ಹೇಳಿ" ಎಂದರು ಟೀಚರಮ್ಮ.

ಅಜ್ಜಿ ಜಗಲಿಯ ಕಟ್ಟೆಯಲ್ಲಿ ಹೊಸ ಸೀರೆ ಉಟ್ಟು ಕೂತಿದ್ದರು. ಪಕ್ಕದಲ್ಲಿ ಆಗಲೇ ಮಕ್ಕಳ ಬಸ್ಸು ಮತ್ತೆ ಹೊರಟಿತ್ತು. ನಾನು ಕೆಳಗೆ ಕೂತು ವಿಷಯ ಹೇಳಿದೆ. ಅವರು ತಲೆಯೆತ್ತಿ ತಗಡನ್ನು ನೋಡಿದರು, ಅಂಗಳವನ್ನು ನೋಡಿದರು.

"ನಾ ಕೇಳಿದ್ದು ಅಂಗಳ ಮಾರಾಯಾ. ತಗಡು ಯಾರು ಕೇಳಿದ್ರು?"

ಆಮೇಲೆ ಹಾಲುಗಂಬದ ಕಡೆ ಕೋಲು ತೋರಿಸಿ, ಅದನ್ನು ಮಾತ್ರ ಮುಟ್ಟಬೇಡಿ ಎಂದರು. ಮುಟ್ಟುವುದಿಲ್ಲ ಎಂದೆ. ಮಳೆ ಬಂದರೆ ಎಂದು ಒಳಗಿನಿಂದ ಟೀಚರಮ್ಮ ಕೂಗಿದರು. ನೆನೆದರೆ ಒರೆಸಿಕೊಂಡರಾಯಿತು ಎಂದು ಅಜ್ಜಿ ಅಂದುಬಿಟ್ಟರು.

ತಗಡು ಬಿಚ್ಚುವುದಕ್ಕೆ ಒಂದು ಕ್ರಮ ಇದೆ. ಹಾಸುವಾಗ ಗಾಳಿ ಬರುವ ಕಡೆಯ ಸಾಲು ಕೊನೆಗೆ ಬರುತ್ತದೆ, ಅದರ ಅಂಚು ಪಕ್ಕದ ಸಾಲಿನ ಮೇಲೆ ಕೂರುತ್ತದೆ. ಹಾಗಾಗಿ ಬಿಚ್ಚುವಾಗ ಗಾಳಿಗೆ ಎದೆಕೊಟ್ಟ ಆ ಸಾಲನ್ನೇ ಮೊದಲು ತೆಗೆಯಬೇಕು. ಆ ಒಂದು ಸಾಲು ದಾಟಿದರೆ ಉಳಿದದ್ದು ಸುಲಭ. ಮೇಸ್ತ್ರಿ ಮೇಲೆ ಮಲಗಿಕೊಂಡು ಒಂದು ತುದಿಯ ತಂತಿ ಕತ್ತರಿಸುತ್ತಿದ್ದ, ಇನ್ನೊಂದು ತುದಿಯದನ್ನು ಹಾಗೆಯೇ ಇಡುತ್ತಿದ್ದ. ನಾನು ಕೆಳಗೆ ನಿಂತು ಕಾಡಿನ ಕಡೆ ಕಿವಿಕೊಟ್ಟೆ. ಹೋ ಎನ್ನುವ ಸದ್ದು ಬಂದರೆ, ಹಿಡಿ ಎನ್ನುತ್ತಿದ್ದೆ. ಅವನು ತಗಡಿನ ಮೇಲೆ ಬೋರಲು ಬೀಳುತ್ತಿದ್ದ. ಗಾಳಿ ಹೋದ ಮೇಲೆ, ಬಿಡು ಎನ್ನುತ್ತಿದ್ದೆ. ಆಗ ಕೊನೆಯ ತಂತಿ ಕತ್ತರಿಸಿ ತಗಡು ಜಾರಿಸುತ್ತಿದ್ದ. ಕೆಳಗೆ ಇಬ್ಬರು ಹಿಡಿದು ಮಡಿಲಲ್ಲಿ ಮಗುವನ್ನು ಒಯ್ಯುವ ಹಾಗೆ ಅಡ್ಡವಾಗಿ ಒಯ್ಯಬೇಕು. ನಿಲ್ಲಿಸಿ ಹಿಡಿದರೆ ಮನುಷ್ಯನ ಸಮೇತ ಹಾರುತ್ತದೆ.

ಮೊದಲ ಸಾಲು ಮುಗಿಯುವಷ್ಟರಲ್ಲಿ ದಿಬ್ಬಣದ ಬಸ್ಸು ಬಂತು. ಬಾಳೆಬರೆ ಘಾಟಿಯಲ್ಲಿ ಮರ ಬಿದ್ದು ಅವರಿಗೆ ತಡವಾಗಿತ್ತು. ಗರಗಸ ಅವರ ಬಸ್ಸಿನಲ್ಲೇ ಇತ್ತಂತೆ, ಮದುಮಗನೂ ಪೇಟ ತೆಗೆದಿಟ್ಟು ಕೊಂಬೆ ಎಳೆದನಂತೆ. ಇಳಿದವರಲ್ಲಿ ಮೊದಲಿಗರು ಮದುಮಗನ ಸೋದರಮಾವ, ಮೀನಿನ ದೋಣಿಗಳ ಮಾಲೀಕರು. ಬೀಗರನ್ನು ಎದುರುಗೊಳ್ಳಬೇಕಾದ ಚಪ್ಪರವನ್ನು ಬಿಚ್ಚುತ್ತಿರುವುದು ಕಂಡರೆ ಅವಮಾನವಾಯಿತು ಎಂದು ಬಸ್ಸು ತಿರುಗಿಸುತ್ತಾರೇನೋ ಎಂದು ಟೀಚರಮ್ಮ ಆರತಿ ತಟ್ಟೆ ಹಿಡಿದು ಬಸ್ಸಿನ ಬಾಗಿಲಿಗೇ ಓಡಿದರು. ಆ ಮಾವ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದರು.

"ಹ್ವಾಯ್, ಇಲ್ಲೂ ಬಿಚ್ಚುಕೆ ಶುರು ಮಾಡಿದ್ರಿಯಾ? ನಮ್ದ್ ನಿನ್ನೆಯೇ ಬಿಚ್ಚಿ ಆಯ್ತ್" ಎಂದರು.

ಅವರ ಊರಲ್ಲಿ ಇದು ಹೊಸದಲ್ಲವಂತೆ. ಸಮುದ್ರದ ಸುದ್ದಿ ಬಂದ ಕೂಡಲೇ ದೋಣಿ ಮೇಲಕ್ಕೆ ಎಳೆಯುತ್ತಾರೆ, ಹಂಚಿನ ಮೇಲೆ ಹಗ್ಗ ಹಾಯಿಸಿ ಕಲ್ಲು ಕಟ್ಟುತ್ತಾರೆ, ಮದುವೆಯಿದ್ದರೆ ಶಾಲೆಗೆ ಹೋಗುತ್ತಾರೆ. ಗಾಳಿ ಬಾರದೆ ಹೋದರೆ ಎಲ್ಲವನ್ನೂ ಮತ್ತೆ ಇಳಿಸುತ್ತಾರೆ.

"ವರ್ಷಕ್ಕ್ ನಾಕ್ ಸಲ ದೋಣಿ ಎಳಿತ್ ನಾವ್. ಮೂರ್ ಸಲ ಗಾಳಿ ಬಪ್ಪುದೇ ಇಲ್ಲ. ಹಾಂಗಂದೇಳಿ ನಾಕ್ನೇ ಸಲ ಎಳೀದೆ ಇಪ್ಪುಕ್ ಆತ್ತಾ?"

ಹೀಗೆನ್ನುತ್ತಲೇ ಪಂಚೆ ಮೇಲಕ್ಕೆ ಕಟ್ಟಿದರು. ಆರತಿ ಎತ್ತಿಸಿಕೊಂಡ ಬೀಗರು, ಹಣೆಯ ಕುಂಕುಮದ ಸಮೇತ ತಗಡು ಹೊರಲು ನಿಂತರು. ಅಂಗಳದಿಂದ ರಸ್ತೆ ದಾಟಿ ಗಿರಣಿಯವರೆಗೆ ಎರಡು ಸಾಲು. ಹೆಣ್ಣಿನ ಕಡೆಯವರು ಒಂದು ಸಾಲು, ಗಂಡಿನ ಕಡೆಯವರು ಇನ್ನೊಂದು. ಸ್ವಲ್ಪ ಹೊತ್ತಿನಲ್ಲೇ ಅದು ಪಂದ್ಯವಾಯಿತು. ಘಟ್ಟದವರು ನಿಧಾನ ಎಂದು ಅವರು, ಮೀನಿನ ಬುಟ್ಟಿ ಹೊತ್ತ ಹಾಗೆ ತಲೆ ಮೇಲೆ ಹೊರಬೇಡಿ ಎಂದು ಇವರು. ವಾಲಗದವರು ಸುಮ್ಮನೆ ಯಾಕಿರಬೇಕೆಂದು ವಾಲಗ ಊದಿದರು. ತಗಡು ಇಳಿಸಲು ಮಂಗಳವಾದ್ಯ ನುಡಿಸಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಗಿರಣಿಯ ಮಾಲೀಕರು ತಮ್ಮ ಉದ್ದನೆಯ ಗೋದಾಮು ಗುಡಿಸಿಕೊಟ್ಟರು. ಬೀಡಿ ಹಚ್ಚಬಾರದು, ಭತ್ತ ಮೇಲೆತ್ತುವ ಎಲಿವೇಟರಿನ ಹತ್ತಿರ ಮಕ್ಕಳು ಹೋಗಬಾರದು ಎಂಬ ಎರಡೇ ಶರತ್ತು. ಟೇಬಲ್ಲುಗಳೆಲ್ಲ ಅಲ್ಲಿಗೆ ಹೋದವು. ಅಡುಗೆಯವರು ಮಾತ್ರ ತಮ್ಮ ಮೇಲಿನ ತಗಡು ಬಿಚ್ಚಲು ಒಪ್ಪಲಿಲ್ಲ. ಅವರ ಒಲೆಗಳು ಅಂಗಳದ ಹಿಂದಿನ ಮೂಲೆಯಲ್ಲಿ, ನಾಲ್ಕು ತಗಡಿನ ಅಡಿಯಲ್ಲಿದ್ದವು. ಸಾಂಬಾರಿಗೆ ಮಳೆ ನೀರು ಬಿದ್ದರೆ ನೀವು ಉತ್ತರ ಹೇಳುತ್ತೀರಾ ಎಂದು ಸೌಟು ಹಿಡಿದು ನಿಂತರು. ಹೊತ್ತಾಗಿತ್ತು, ಸುಸ್ತಾಗಿತ್ತು. ಆ ನಾಲ್ಕನ್ನು ಬಿಟ್ಟೆ. ಅದೂ ನನ್ನ ತಪ್ಪೇ.

ಧಾರೆ ಅಂಗಳದಲ್ಲೇ, ಬರೀ ಆಕಾಶದ ಕೆಳಗೆ ಆಯಿತು. ಮೇಲೆ ನನ್ನ ಪೈಪುಗಳ ಚೌಕಟ್ಟು ಮಾತ್ರ ಉಳಿದಿತ್ತು. ಅದರ ಬುಡಕ್ಕೆ ಯಾರೂ ಹೋಗದಂತೆ ಹಗ್ಗ ಕಟ್ಟಿ, ಮಂಟಪವನ್ನು ಮನೆಯ ಗೋಡೆಗೆ ಹತ್ತಿರ, ಹಾಲುಗಂಬದ ಪಕ್ಕ ಹಾಕಿಸಿದೆ. ಪುರೋಹಿತರು ಒಂದು ಕೈಯಲ್ಲಿ ಅಗ್ನಿಗೆ ಮರೆ ಹಿಡಿದು ಇನ್ನೊಂದು ಕೈಯಲ್ಲಿ ತುಪ್ಪ ಹಾಕಿದರು. ಸರಿಯಾಗಿ ಧಾರೆಯ ಹೊತ್ತಿಗೆ ಹನಿ ಬಿತ್ತು. ಛತ್ರಿ ಬಿಚ್ಚಿದರೆ ತಿರುಗಿಹೋಯಿತು. ದೋಣಿಯ ಮಾವ ಹೆಗಲ ಮೇಲಿನ ಪಂಚೆ ಬಿಚ್ಚಿ, ನಾಲ್ಕು ಜನರಿಂದ ನಾಲ್ಕು ಮೂಲೆ ಹಿಡಿಸಿ ಮದುಮಕ್ಕಳ ತಲೆಯ ಮೇಲೆ ಎತ್ತಿದರು. ಗಾಳಿ ಬಂದಾಗ ನಾಲ್ವರೂ ಕೈ ತಗ್ಗಿಸುತ್ತಿದ್ದರು, ಹೋದಾಗ ಎತ್ತುತ್ತಿದ್ದರು. ಆ ಪಂಚೆಯ ಕೆಳಗೆ ಧಾರೆಯ ನೀರು ಎರೆದರು. ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಚಪ್ಪಲಿ ಬಿಟ್ಟು ಎರಡು ಪಾದವನ್ನೂ ಅಂಗಳದ ಕಲ್ಲಿನ ಮೇಲೆ ಊರಿಕೊಂಡಿದ್ದರು.

ಊಟದ ಎರಡನೆಯ ಪಂಕ್ತಿ ನಡೆಯುವಾಗ ದೊಡ್ಡ ಗಾಳಿ ಬಂತು. ಗಿರಣಿಯೊಳಗೆ ಇದ್ದವರಿಗೆ ಮೊದಲು ಕಿವಿ ಮುಚ್ಚಿದ ಹಾಗಾಯಿತು. ಬಾಗಿಲು ತಾನಾಗಿ ಹಾಕಿಕೊಂಡಿತು. ತೊಲೆಯ ಮೇಲಿದ್ದ ವರ್ಷಗಳ ತೌಡಿನ ಧೂಳೆಲ್ಲ ಹೋಳಿಗೆಯ ಮೇಲೆ, ರೇಷ್ಮೆ ಸೀರೆಯ ಮೇಲೆ, ಮದುಮಗನ ಮೀಸೆಯ ಮೇಲೆ ಉದುರಿತು. ಹೊರಗೆ ಏನೋ ದೊಡ್ಡದು ಹರಿದ ಸದ್ದು. ಎಲ್ಲ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಗಿಲು ತೆಗೆದು ನೋಡಿದೆವು. ಪೈಪಿನ ಚೌಕಟ್ಟು ಅರ್ಧ ಮಲಗಿತ್ತು. ಒಲೆಯ ಮೇಲೆ ನಾನು ಬಿಟ್ಟ ನಾಲ್ಕು ತಗಡು ಅಲ್ಲಿರಲಿಲ್ಲ. ಮೂರು ಗದ್ದೆಯಲ್ಲಿ ಬಿದ್ದಿದ್ದವು. ನಾಲ್ಕನೆಯದು ಬೇಲಿ ದಾಟಿ, ಬಾಳೆಯ ಗಿಡಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿಕೊಂಡು ಹೋಗಿ ಬದುವಿನಲ್ಲಿ ಸಿಕ್ಕಿಕೊಂಡಿತ್ತು. ಕತ್ತರಿಸಿದ ಎತ್ತರ ಸರಿಯಾಗಿ ಮನುಷ್ಯನ ಕುತ್ತಿಗೆಯ ಮಟ್ಟ. ಗಿರಣಿಯಲ್ಲಿ ಪಾಯಸ ಬಡಿಸುತ್ತಿದ್ದ ಅಡುಗೆಯವರು ಪಾತ್ರೆ ಕೆಳಗಿಟ್ಟು ಬಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಪಾತ್ರೆ ಎತ್ತಿಕೊಂಡು ಮತ್ತೆ ಬಡಿಸಲು ಹೋದರು. ಆಮೇಲೆ ಅವರ ಪಾಯಸ ಎಲ್ಲರಿಗೂ ಎರಡೆರಡು ಸೌಟು ಬಿತ್ತು.

ಆಗ ಶುರುವಾಯಿತು ನನ್ನ ಹೊಗಳಿಕೆ. ಶಾಮಿಯಾನದವರು ಗಾಳಿಯ ವಾಸನೆ ಹಿಡಿದರು, ಐನೂರು ಜೀವ ಉಳಿಸಿದರು ಎಂದು ಒಬ್ಬರಿಂದ ಒಬ್ಬರಿಗೆ ಹರಡಿತು. ಬೆಳಿಗ್ಗೆಯಿಂದ ನನ್ನೊಡನೆ ಮಾತು ಬಿಟ್ಟಿದ್ದ ಟೀಚರಮ್ಮ ಬಂದು ಕಣ್ಣೊರೆಸಿಕೊಂಡು ಕೈಮುಗಿದರು. ಗಿರಣಿಯ ತೂಕದ ಕಟ್ಟೆಯೇ ವೇದಿಕೆಯಾಯಿತು. ಮೈಕು ನನ್ನದೇ. ದೋಣಿಯ ಮಾವ ಅದನ್ನು ಹಿಡಿದು, ಮುಹೂರ್ತದ ದಿನ ಚಪ್ಪರ ಬಿಚ್ಚಲು ಎಂಟೆದೆ ಬೇಕು, ಅಂಥ ಮನುಷ್ಯ ನಮ್ಮ ಬಂದರಿನಲ್ಲಿಯೂ ಇಲ್ಲ ಎಂದು ಭಾಷಣ ಮಾಡಿದರು. ಬೀಗರಿಗೆಂದು ತಂದಿದ್ದ ಶಾಲುಗಳಲ್ಲಿ ಒಂದನ್ನು, ಕೆಂಪು ಅಂಚಿನ ದಪ್ಪ ಉಣ್ಣೆಯದನ್ನು, ತರಿಸಿದರು. ಅಜ್ಜಿಯ ಕೈಯಿಂದಲೇ ಹೊದಿಸಬೇಕು ಎಂದು ಎಲ್ಲರೂ ಅಂದರು. ಇಬ್ಬರು ಹಿಡಿದು ಅಜ್ಜಿಯನ್ನು ಕಟ್ಟೆ ಹತ್ತಿಸಿದರು. ಅವರು ಶಾಲು ಹೊದಿಸಿ, ನನ್ನ ತಲೆಯ ಮೇಲೆ ಕೈಯಿಟ್ಟರು. ಜನ ಚಪ್ಪಾಳೆ ತಟ್ಟಿದರು.

ನಾನು ಶಾಲು ಹೊದ್ದುಕೊಂಡು ಮನೆಗೆ ಹೋಗಬಹುದಿತ್ತು. ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿ ಬಾಯಿ ಬಿಡುವವನಲ್ಲ. ಆದರೆ ತಲೆಯ ಮೇಲಿನ ಆ ಕೈಗೆ ಭಾರವೇ ಇರಲಿಲ್ಲ, ಒಣಗಿದ ಎಲೆಯಷ್ಟು ಹಗುರ. ಅದರ ಕೆಳಗೆ ನಿಲ್ಲಲು ನನಗೆ ಆಗಲಿಲ್ಲ. ಬಕೆಟ್ಟು ಮೇಲೆದ್ದದ್ದು, ಮಕ್ಕಳ ಹಾರ್ನು, ಎಲ್ಲ ಒಟ್ಟಿಗೆ ಬಂತು. ಮೈಕು ಆರಿಸಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

"ಅಜ್ಜಿ, ಗಾಳಿಯದ್ದಲ್ಲ, ನಂದೇ ತಪ್ಪು" ಎಂದೆ. "ಮೂವತ್ತೈದು ಕಂಬ ಹಾಕೋ ಜಾಗದಲ್ಲಿ ಇಪ್ಪತ್ತೈದು ಹಾಕಿದ್ದೆ. ಹತ್ತು ಕಂಬ ಕೆಳದಿ ಮದುವೇಲಿ ಇದಾವೆ. ಝಾಲರು ಕಟ್ಟಿ ಮುಚ್ಚಿದ್ದೆ. ಬೆಳಿಗ್ಗೆ ಹೆದರಿಕೆಯಾಗಿ ಬಿಚ್ಚಿದ್ದು, ಧೈರ್ಯಕ್ಕಲ್ಲ."

ಗೋದಾಮಿನ ಎರಡು ಸ್ಪೀಕರಿನಲ್ಲೂ ಅದು ಕೇಳಿತು. ಚಪ್ಪಾಳೆ ನಿಂತಿತು. ದೋಣಿಯ ಮಾವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅಜ್ಜಿ ನನ್ನ ತಲೆಯಿಂದ ಕೈ ತೆಗೆದರು. ಶಾಲಿನ ಅಂಚು ಹಿಡಿದು, ನನ್ನ ಹೆಗಲಿನಿಂದ ನಿಧಾನವಾಗಿ ಎಳೆದುಕೊಂಡರು.

"ಹಂಗಾದ್ರೆ ಇದು ನಿಂದಲ್ಲ" ಎಂದರು. ಸಿಟ್ಟಿರಲಿಲ್ಲ. ಪಾತ್ರೆ ಬದಲಾಗಿ ಬಂದರೆ ವಾಪಸು ಇಸಿದುಕೊಳ್ಳುವ ಹಾಗೆ ಹೇಳಿದರು. "ಮೇಲೆ ಹತ್ತಿ ಬಿಚ್ಚಿದೋನು ಯಾರು?"

ಎಲ್ಲರೂ ಮೇಸ್ತ್ರಿಯನ್ನು ಮುಂದೆ ತಳ್ಳಿದರು. ಅವನು ಕಟ್ಟೆಯ ಹತ್ತಿರ ಬಂದು, ಹೊದಿಸಲು ಚಾಚಿದ ಶಾಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡ ಅಜ್ಜಿ. ಕಮ್ಮಿ ಹಾಕು ಅಂದಿದ್ದು ಇವ್ರು, ಹಾಕಿದ್ದು ನಾನು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಆ ನಗು ಗಿರಣಿಯ ತುಂಬ ಹರಡಿತು. ಮದುಮಗಳು ತಲೆ ತಗ್ಗಿಸಿ ನಗುತ್ತಿದ್ದಳು, ಅವಳ ಬಾಸಿಂಗದಿಂದ ತೌಡು ಉದುರುತ್ತಿತ್ತು. ಟೀಚರಮ್ಮ ಮಾತ್ರ ನಗಲಿಲ್ಲ. ಈಗಲೂ ಅವರು ಎಲ್ಲಾದರೂ ಚಪ್ಪರದಲ್ಲಿ ನನ್ನನ್ನು ಕಂಡರೆ ಮೊದಲು ಕಂಬ ಎಣಿಸಿ ಆಮೇಲೆ ನಮಸ್ಕಾರ ಹೇಳುತ್ತಾರೆ. ಅವರು ಎಣಿಸಲಿ. ಆ ವರ್ಷದಿಂದ ಒಂದು ಮುಹೂರ್ತಕ್ಕೆ ಎರಡಕ್ಕಿಂತ ಹೆಚ್ಚು ಮದುವೆ ನಾನು ಹಿಡಿಯುವುದಿಲ್ಲ. ಫೋನು ಸೈರನ್ ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓದುತ್ತೇನೆ. ಎರಡು ಸಲ ಸುಮ್ಮನೆ ಬಿಚ್ಚಿದ್ದೇನೆ, ಗಾಳಿ ಬರಲಿಲ್ಲ, ಬೈಗುಳ ಬಂತು.

ಆ ದಿನ ಅಜ್ಜಿ ಶಾಲು ಹಿಡಿದುಕೊಂಡು ಕಟ್ಟೆಯ ಮೇಲಿಂದ ಸುತ್ತಲೂ ನೋಡಿದರು. ಒದ್ದೆ ಗಾಳಿ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಕೊಡುವುದಕ್ಕೆ ಇನ್ನು ಯಾರೂ ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅದನ್ನು ತಾವೇ ಹೊದ್ದುಕೊಂಡು, ಎರಡು ತುದಿಯನ್ನೂ ಎದೆಯ ಮೇಲೆ ಎಳೆದುಕೊಂಡರು. ತಮಗೆ ಚಳಿಯಾಗುತ್ತಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅಂಗಳದಲ್ಲಿ ಬಿದ್ದಿರುವ ನಿನ್ನ ಕಬ್ಬಿಣ ಎತ್ತು, ನಾವು ಅಲ್ಲಿ ಫೋಟೋ ತೆಗೆಸಿಕೊಳ್ಳಬೇಕು ಎಂದರು.